ಬಳ್ಳಾರಿಗೆ ಹೋಗಬೇಕಾಗಿದ್ದ ತಿಂಗಳು

ಮೊಳಕಾಲ್ಮೂರು
ಕಾಳಯುಕ್ತಿ ಸಂವತ್ಸರ, ಜ್ಯೇಷ್ಠ ಬಹುಳ ಪಂಚಮಿ
ಜೂನ್ 1918

ತಂಗಿ ಬಸವಲಿಂಗಮ್ಮನಿಗೆ ಅಕ್ಕನ ಆಶೀರ್ವಾದ.

ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು ಅಂತ ಅಪ್ಪ ನಮ್ಮಿಬ್ಬರಿಗೂ ತಲೆ ಮೊಟಕಿ ಕಲಿಸಿದ್ದರು. ಇವತ್ತು ಆ ಸಾಲನ್ನು ಬಿಟ್ಟಿದ್ದೇನೆ. ಹೆದರಬೇಡ, ಯಾರೂ ಸತ್ತಿಲ್ಲ. ನಿನ್ನ ಭಾವನವರು ಮಗ್ಗದವರಿಗೆ ರೇಷ್ಮೆ ನೂಲು ಹಂಚುತ್ತ, ಸೀರೆ ತಡವಾಯಿತೆಂದು ಬೈಯುತ್ತ ಗಟ್ಟಿಯಾಗಿಯೇ ಇದ್ದಾರೆ. ಮಗ ಏಕಾಂತಪ್ಪ ವ್ಯಾಪಾರಕ್ಕಿಂತ ಮೊದಲು ಆ ಬೈಗಳನ್ನು ಕಲಿತಿದ್ದಾನೆ. ಸೊಸೆ ನೀಲವ್ವನಿಗೆ ಈಗ ಐದು ತಿಂಗಳು, ಹುಳಿ ಮಾವಿನಕಾಯಿ ಕಂಡರೆ ಬಿಡುವುದಿಲ್ಲ.

ವಿಷಯ ನನ್ನದು. ಎಡಗಡೆ ಎದೆಯಲ್ಲಿ ಒಂದು ಗಂಟು ಸಿಕ್ಕಿದೆ. ಹುಣಸೆ ಬೀಜದಷ್ಟಿದೆ, ಲಿಂಗದ ಕರಡಿಗೆ ಕೂರುವ ಜಾಗದ ಪಕ್ಕದಲ್ಲೇ. ನೋವಿಲ್ಲ. ಅತ್ತೆಗೆ ಹೇಳಿದೆ. "ಬೆಳ್ಳಿ ಕರಡಿಗೆ ಭಾರ ಐತೆ ಕಣವ್ವ. ಲಗ್ನ ಆದಾಗಿಂದ ಅಲ್ಲೇ ಕುಂತು ಉಜ್ಜೈತೆ. ಕಾಲಿಗೆ ಕೆರ ಕಚ್ಚಲ್ವಾ, ಹಂಗೆ" ಅಂದರು. ನಮ್ಮ ಓಣಿಯಲ್ಲಿ ಇನ್ನೂ ಇಬ್ಬರು ಮುದುಕಿಯರು ಅದನ್ನೇ ಹೇಳಿದರು. ಅದಕ್ಕೆ ಕರಡಿಗೆಯನ್ನು ಪೆಟ್ಟಿಗೆಯಲ್ಲಿಟ್ಟು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಂಡಿದ್ದೇನೆ. ಮೈ ಹಗುರವಾಗಿದೆ, ಗಂಟು ಮಾತ್ರ ಹಾಗೇ ಇದೆ.

ಇಂಥದ್ದನ್ನು ಬೇರೆಯವರ ಕೈಯಲ್ಲಿ ಬರೆಸುವ ಹಾಗಿಲ್ಲ, ಬೇರೆಯವರ ಕೈಯಲ್ಲಿ ಓದಿಸುವ ಹಾಗೂ ಇಲ್ಲ. ನಮಗಿಬ್ಬರಿಗೂ ಅಕ್ಷರ ಕಲಿಸಿದ್ದಕ್ಕೆ ಅಪ್ಪನನ್ನು ಇವತ್ತು ನೆನೆದೆ. ಓದಿ ಒಲೆಗೆ ಹಾಕು.

ನಿನ್ನ ಅಕ್ಕ
ತಿಪ್ಪೇರುದ್ರಮ್ಮ

---

ಚಳ್ಳಕೆರೆ
ಆಷಾಢ ಶುದ್ಧ ದಶಮಿ, ಜುಲೈ 1918

ಅಕ್ಕನಿಗೆ ಬಸವಲಿಂಗಮ್ಮನ ಶರಣು.

ಒಲೆಗೆ ಹಾಕಲಿಲ್ಲ. ನೀನು ಹೇಳಿದ್ದನ್ನೆಲ್ಲ ಕೇಳುವ ವಯಸ್ಸು ನನಗೆ ಮುಗಿದಿದೆ.

ನನ್ನಿವಾಳದಲ್ಲಿದ್ದ ನಮ್ಮ ಚಿಕ್ಕತ್ತೆಯನ್ನು ನೀನು ನನ್ನ ಮದುವೆಯಲ್ಲಿ ನೋಡಿದ್ದೆ, ಎಲ್ಲರಿಗೂ ಹೂ ಹಂಚಿದವರು. ಅವರಿಗೂ ಮೊದಲು ನೋವಿರಲಿಲ್ಲ. ಅವರಿಗೂ ಕರಡಿಗೆ ಕಚ್ಚಿದೆ ಎಂದರು. ಅವರೂ ವಸ್ತ್ರ ಕಟ್ಟಿಕೊಂಡರು. ಗಂಟು ಬೆಳೆಯಿತು, ಬಾಯಿ ಬಿಟ್ಟಿತು. ಕೊನೆಗೆ ಅವರನ್ನು ಹಿತ್ತಲಿನ ಕೋಣೆಯಲ್ಲಿ ಬೇರೆ ಮಲಗಿಸಿದ್ದರು. ಯಾಕೆಂದು ಬರೆಯಲಾರೆ.

ಇನ್ನೊಂದು ಕೇಳು. ನಮ್ಮ ಮನೆಗೆ ಕೆಲಸಕ್ಕೆ ಬರುವ ಕೆಂಚಕ್ಕನ ತಾಯಿ ಸತ್ತದ್ದೂ ಇದೇ ಗಂಟಿನಿಂದ. ಅವರು ಲಿಂಗ ಕಟ್ಟುವ ಜನವಲ್ಲ. ಕರಡಿಗೆಯನ್ನೇ ಕಾಣದ ಎದೆಗೆ ಯಾವ ಕರಡಿಗೆ ಕಚ್ಚಿತು ಎಂದು ನಿನ್ನ ಅತ್ತೆಯನ್ನು ಕೇಳು.

ಬಳ್ಳಾರಿಯಲ್ಲಿ ಒಬ್ಬ ಹೆಂಗಸು ಡಾಕ್ಟರು ಇದ್ದಾರಂತೆ. ಕಂಬಳಿ ಕೊಳ್ಳಲು ಬರುವ ಬಳ್ಳಾರಿ ಸಾಬರು ನಮ್ಮ ಯಜಮಾನರಿಗೆ ಹೇಳಿದರು, ಅವರ ತಂಗಿಗೆ ಅಲ್ಲೇ ಕೊಯ್ದು ತೆಗೆದರಂತೆ, ಈಗಲೂ ರೊಟ್ಟಿ ತಟ್ಟುತ್ತಾಳಂತೆ. ಹೌದು, ಯಜಮಾನರಿಗೆ ಹೇಳಿದೆ. ಬೈಯುವುದಾದರೆ ಬಳ್ಳಾರಿಗೆ ಹೋಗಿ ಬಂದು ಬೈಯಿ. ನಿಮಗೆ ರಾಯದುರ್ಗ ಹತ್ತಿರ, ಅಲ್ಲಿಂದ ರೈಲು. ಭಾವನವರಿಗೆ ಈ ಕಾಗದ ತಲುಪಿದ ದಿನವೇ ಹೇಳಬೇಕು.

ನಿನ್ನ
ಬಸವಲಿಂಗಮ್ಮ

---

ಮೊಳಕಾಲ್ಮೂರು
ಶ್ರಾವಣ ಶುದ್ಧ ಅಷ್ಟಮಿ, ಆಗಸ್ಟ್ 1918

ಬಸವಲಿಂಗಾ,

ನಿನ್ನ ಬಾಯಿ ಜೋರು ಎಂದು ಗೊತ್ತಿತ್ತು, ಕೈಯೂ ಅಷ್ಟೇ ಜೋರು ಎಂದು ಈಗ ಗೊತ್ತಾಯಿತು. ನಿನ್ನ ಮಾತಿಗೆ ನಾನು ಬಗ್ಗಲಿಲ್ಲ, ಯರ್ರಮ್ಮನ ಕೈಗೆ ಬಗ್ಗಿದೆ. ಯರ್ರಮ್ಮ ಎಂದರೆ ನಮಗೆ ಸೀರೆ ನೇಯ್ದು ಕೊಡುವವರ ಮನೆಯವಳು, ತೆಲುಗಿನವಳು, ನನಗಿಂತ ಹಿರಿಯಳು. ಸೀರೆ ತಂದಾಗ ಅವಳನ್ನು ಒಳಗೆ ಕರೆದು ತೋರಿಸಿದೆ. ಮುಟ್ಟಿ ನೋಡಿ, "ರಾಚಪುಂಡು, ಅಕ್ಕಯ್ಯ" ಅಂದಳು. ಮೈಯನ್ನು ತಿಂದು ಮುಗಿಸುವ ಹುಣ್ಣಿಗೆ ಅವರು ಹೇಳುವ ಹೆಸರು ಅದು. ನಮ್ಮವರು ವಸ್ತ್ರದಲ್ಲಿ ಸುತ್ತಿಟ್ಟ ಮಾತನ್ನು ಅವಳು ಬಿಚ್ಚಿಟ್ಟಳು.

ನಿನ್ನ ಭಾವನವರಿಗೆ ಹೇಳಿದೆ. ಅಂಗಳಕ್ಕೆ ಹೋದರು, ಮತ್ತೆ ಒಳಗೆ ಬಂದು "ಯಾವತ್ತು ಹೋಗಾನ" ಎಂದು ಕೇಳಿದರು. ಇಪ್ಪತ್ತೈದು ವರ್ಷದಲ್ಲಿ ಅವರು ನನ್ನನ್ನು ಕೇಳಿ ದಿನ ಗೊತ್ತುಮಾಡಿದ್ದು ಇದೇ ಮೊದಲು.

ಆದರೆ ನನಗೊಂದು ಹೆದರಿಕೆ ಇದೆ, ಅದು ಕತ್ತಿಯದಲ್ಲ. ಎದೆ ಕೊಯ್ಯಬೇಕಾದರೆ ಲಿಂಗ ತೆಗೆಯಿರಿ ಎನ್ನುತ್ತಾರೆ. ಹುಟ್ಟಿದಾಗ ಕಟ್ಟಿದ್ದು, ಹೆರಿಗೆಯಲ್ಲೂ ಬಿಚ್ಚಿಲ್ಲ. ಅದು ಮೈಮೇಲಿಲ್ಲದ ಹೊತ್ತಿನಲ್ಲಿ ಪ್ರಾಣ ಹೋದರೆ ನಾನು ಯಾರ ಪೈಕಿ? ಇಲ್ಲಿಯ ಮಠದಲ್ಲಿ ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ನಿಮ್ಮ ಮಠದ ಅಯ್ಯನವರು ನಮ್ಮ ತವರಿಗೂ ಬರುತ್ತಿದ್ದವರು, ಅವರನ್ನು ನೀನು ಕೇಳು. ಯಾರಿಗೆ ಎಂದು ಹೇಳಬೇಡ.

ತಿಪ್ಪೇರುದ್ರಮ್ಮ

---

ಚಳ್ಳಕೆರೆ
ಶ್ರಾವಣ ಬಹುಳ ತದಿಗೆ, ಆಗಸ್ಟ್ 1918

ಅಕ್ಕಾ,

ಕೇಳಿದೆ. ಅಯ್ಯನವರು ವಿಭೂತಿ ಇಡುತ್ತಿದ್ದವರು ಕೈ ನಿಲ್ಲಿಸಿ ಹೇಳಿದ ಮಾತನ್ನು ಇದ್ದ ಹಾಗೇ ಬರೆಯುತ್ತಿದ್ದೇನೆ. "ರಟ್ಟೆಗೆ ಕಟ್ಕಳ್ಳಲಿ, ಇಲ್ಲ ತಲೆಗೆ ಕಟ್ಕಳ್ಳಲಿ. ಮೈಮ್ಯಾಲೆ ಇದ್ರೆ ಆತು. ಕೆಟ್ಟಿದ್ದನ್ನ ಕೊಯ್ಸಿ ಬದುಕವ್ವ ಅಂತ ಆಯಮ್ಮಗೆ ನಾನೇ ಹೇಳಿದೆ ಅಂತ ಹೇಳು." ನಾನು ಎದ್ದು ಬರುವಾಗ, "ತಿಪ್ಪೇರುದ್ರಮ್ಮ ಚಿಕ್ಕೋಳಿದ್ದಾಗ ಬಲು ಚೂಟಿ ಇದ್ಲು" ಅಂದರು. ನಾನು ಹೆಸರು ಹೇಳಿರಲಿಲ್ಲ.

ಇನ್ನು ನಿನಗೆ ನೆಪವಿಲ್ಲ. ಹೋಗು ಅಕ್ಕ.

ಬಸವಲಿಂಗಮ್ಮ

---

ಮೊಳಕಾಲ್ಮೂರು
ಭಾದ್ರಪದ ಶುದ್ಧ ದ್ವಾದಶಿ, ಸೆಪ್ಟೆಂಬರ್ 1918

ಬಸವಲಿಂಗಾ,

ಹೋಗಿ ಬಂದೆ. ನೀನು ಸಾಬರ ಮಾತು ನಂಬಿದ್ದಕ್ಕೆ ಮೋಸವಾಗಲಿಲ್ಲ. ಡಾಕ್ಟರಮ್ಮ ಮದ್ರಾಸಿನ ಕಡೆಯವರು. ಅವರಿಗೆ ಕನ್ನಡ ಬಾರದು, ನನಗೆ ಇಂಗ್ಲಿಷು ಬಾರದು, ಯರ್ರಮ್ಮನ ಜೊತೆ ಆಡಿ ಕಲಿತ ತೆಲುಗಿನ ಪುಣ್ಯದಿಂದ ಮಾತಾಡಿಕೊಂಡೆವು. ಎದೆಯನ್ನು, ಕಂಕುಳನ್ನು ಒತ್ತಿ ಒತ್ತಿ ನೋಡಿದರು. ಅದೇ ಕಾಯಿಲೆ, ಎದೆಯನ್ನು ಪೂರ್ತಿ ತೆಗೆಯಬೇಕು ಅಂದರು. ಆದರೆ ಕಂಕುಳಿಗೆ ಇಳಿದಿಲ್ಲ, ಈಗ ಕೊಯ್ದರೆ ಬದುಕುತ್ತೀಯ ಅಂದರು. ಲಿಂಗವನ್ನು ರಟ್ಟೆಗೆ ಕಟ್ಟಿಕೊಳ್ಳುತ್ತೇನೆ ಎಂದರೆ ನಕ್ಕು, ಎದೆಯ ಮೇಲೆ ಬಿಟ್ಟು ಎಲ್ಲಿ ಬೇಕಾದರೂ ಕಟ್ಟಿಕೋ ಅಂದರು. ಬದುಕುತ್ತೀಯ ಎಂಬ ಮಾತು ಕೇಳಿ ನಿನ್ನ ಭಾವನವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಕೈಮುಗಿದರು.

ಅವತ್ತೇ ಮಲಗಿಸಿಕೊಳ್ಳುತ್ತೇವೆ ಅಂದರು. ನಾನು ಒಪ್ಪಲಿಲ್ಲ. ಕೂಗಾಡಬೇಡ, ಪೂರ್ತಿ ಓದು. ನೀಲವ್ವ ತಾಯಿಯಿಲ್ಲದ ಹುಡುಗಿ. ಚೊಚ್ಚಲ ಹೆರಿಗೆಗೆ ಹೋಗಲು ಅವಳಿಗೆ ತವರಿಲ್ಲ, ಅತ್ತೆಗೆ ಕಣ್ಣು ಕಾಣುವುದಿಲ್ಲ. "ಅತ್ತೇರೆ, ನೀವಿದ್ರೆ ನಂಗೆ ಭಯ ಇಲ್ಲ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ಮಹಾನವಮಿಯ ಹೊತ್ತಿಗೆ ಹೆರಿಗೆ ಆಗುತ್ತದೆ, ಅದು ಆದ ಕೂಡಲೇ ಬರುತ್ತೇನೆ ಅಂದೆ. ನಿನ್ನ ಭಾವನವರು ವಾದಿಸಿದರು, ಡಾಕ್ಟರಮ್ಮ ಗದರಿದರು. ಕೊನೆಗೆ "ಒಂದು ತಿಂಗಳು, ಅದಕ್ಕಿಂತ ಹೆಚ್ಚಾಗಬಾರದು" ಎಂದು ನನ್ನ ಕೈ ಹಿಡಿದು ಹೇಳಿದರು. ನಾನೇ ಗೆದ್ದೆ.

ಬರುವಾಗ ರೈಲಿನ ತುಂಬ ಕೆಮ್ಮು. ಬೊಂಬಾಯಿಯಿಂದ ಏನೋ ಜ್ವರ ಬಂದಿದೆಯಂತೆ. ನೀವೂ ಜೋಪಾನ.

ತಿಪ್ಪೇರುದ್ರಮ್ಮ

---

ಚಳ್ಳಕೆರೆ
ಆಶ್ವಯುಜ ಬಹುಳ, ತಿಥಿ ಗೊತ್ತಿಲ್ಲ
ಅಕ್ಟೋಬರ್ 1918

ಅಕ್ಕಾ,

ಬದುಕಿದ್ದೇನೆ. ಯಜಮಾನರೂ ಇದ್ದಾರೆ. ಇಬ್ಬರಿಗೂ ಬಂದ ಜ್ವರ ಈಗ ಬಿಟ್ಟಿದೆ. ಕೆಂಚಕ್ಕ ಹೋದಳು. ಸಂತೆ ಇಲ್ಲ, ಅಂಗಡಿ ಇಲ್ಲ. ಹೊರಲು ನಾಲ್ಕು ಜನ ಸಿಗದೆ ಗಾಡಿಯಲ್ಲಿ ಒಯ್ಯುತ್ತಿದ್ದಾರೆ. ಅಯ್ಯನವರೂ ಲಿಂಗೈಕ್ಯರಾದರು.

ನಿನ್ನಿಂದ ಕಾಗದವಿಲ್ಲ. ಬಳ್ಳಾರಿಗೆ ಹೋದೆಯಾ? ಕೊಯ್ದರಾ? ಒಂದೇ ಒಂದು ಸಾಲು ಬರಿ.

ಬಸವಲಿಂಗ

---

ಮೊಳಕಾಲ್ಮೂರು
ಕಾರ್ತಿಕ ಶುದ್ಧ ಹುಣ್ಣಿಮೆ, ನವೆಂಬರ್ 1918

ಬಸವಲಿಂಗಾ, ನನ್ನ ಕೂಸೇ,

ನೀನು ಬದುಕಿದ್ದೀಯ ಎಂದು ಓದಿ ಕಾಗದವನ್ನು ಕಣ್ಣಿಗೊತ್ತಿಕೊಂಡೆ.

ಅತ್ತೆ ಮೊದಲು ಹೋದರು. ಅಪ್ಪ ಮಗ ಇಬ್ಬರೂ ಒಂದೇ ಕೋಣೆಯಲ್ಲಿ ಜ್ವರದಿಂದ ಬಿದ್ದಿದ್ದಾಗ ನೀಲವ್ವನಿಗೆ ನೋವು ಶುರುವಾಯಿತು. ಅವಳಿಗೂ ಜ್ವರ. ಸೂಲಗಿತ್ತಿ ಬರಲಿಲ್ಲ, ಅವಳ ಮನೆಯಲ್ಲೇ ಎರಡು ಹೆಣ ಇದ್ದವು. ನಾನೇ ಹೆರಿಗೆ ಮಾಡಿಸಿದೆ. ಗಂಡು ಮಗು. "ಯಾರಂಗೈತೆ ಅತ್ತೇರೆ" ಎಂದು ಕೇಳಿದಳು. ನಿನ್ನಂಗೇ ಐತೆ ಅಂದೆ. ಬೆಳಗಾಗುವಷ್ಟರಲ್ಲಿ ಅವಳಿಗೆ ಮಾತು ನಿಂತಿತ್ತು. ಅವಳನ್ನು ಮಣ್ಣಿಗೆ ಕಳಿಸಿಕೊಡುವಾಗ ಏಕಾಂತಪ್ಪನಿಗೆ ಎದ್ದು ಕೂರುವ ಶಕ್ತಿಯೂ ಇರಲಿಲ್ಲ, ಮಲಗಿದಲ್ಲಿಂದಲೇ ಕಿಟಕಿಯಲ್ಲಿ ನೋಡಿದ. ಯರ್ರಮ್ಮನ ಗಂಡನೂ ಇಲ್ಲ. ಮಗ್ಗದ ಮೇಲೆ ಅರ್ಧ ಸೀರೆ ನಿಂತಿದೆ.

ಮನೆಯಲ್ಲಿ ನನಗೊಬ್ಬಳಿಗೇ ಜ್ವರ ಬರಲಿಲ್ಲ. ಇಲ್ಲಿ ಮೊದಲೇ ಒಬ್ಬರು ಬಿಡಾರ ಹೂಡಿದ್ದಾರೆ ಎಂದು ನೋಡಿ ಆಚೆ ಹೋಗಿರಬೇಕು. ನಗಬೇಡ, ಅಳಲೂ ಬೇಡ.

ಬಳ್ಳಾರಿಯ ವಿಷಯ. ನಿನ್ನ ಭಾವನವರು ಓಡಾಡುವಂತಾದ ಕೂಡಲೇ ಹೋಗಿ ವಿಚಾರಿಸಿದರು. ಆಸ್ಪತ್ರೆಯ ಜಗಲಿಯಲ್ಲೂ, ಮರದಡಿಯಲ್ಲೂ ಜ್ವರದವರು ಮಲಗಿದ್ದಾರೆ. ಕೊಯ್ಯುವ ಕೋಣೆಯನ್ನೂ ಅವರಿಗೇ ಬಿಟ್ಟಿದ್ದಾರೆ. ಡಾಕ್ಟರಮ್ಮನಿಗೂ ಜ್ವರವಂತೆ. ಈಗ ಕರೆತಂದರೆ ಗಂಟಿಗಿಂತ ಮೊದಲು ಜ್ವರವೇ ಕೊಲ್ಲುತ್ತದೆ, ತೆರವಾದ ಮೇಲೆ ಹೇಳಿ ಕಳಿಸುತ್ತೇವೆ ಎಂದು ಅಲ್ಲಿಯ ದಾದಿ ಹೇಳಿದಳಂತೆ. ಗಂಟು ಈಗ ನಿಂಬೆಕಾಯಿಯಷ್ಟಾಗಿದೆ.

ಮಗುವಿಗೆ ಒಳಲೆಯಲ್ಲಿ ಮೇಕೆ ಹಾಲು ಹಾಕುತ್ತೇನೆ. ಅರ್ಧ ಕುಡಿದು ಅರ್ಧ ಉಗುಳುತ್ತಾನೆ. ಎತ್ತಿಕೊಂಡರೆ ಬಾಯಿ ತೆರೆದು ಎಡಗಡೆಗೇ ಹುಡುಕುತ್ತಾನೆ. ಆ ಕಡೆ ಬೇಡಪ್ಪ ಎಂದು ಬಲಗಡೆ ಕೊಡುತ್ತೇನೆ. ಅದರಲ್ಲೇನಿದೆ, ಆದರೂ ಚೀಪುತ್ತ ನಿದ್ದೆ ಹೋಗುತ್ತಾನೆ.

ಅಕ್ಕ

---

ಚಳ್ಳಕೆರೆ
ಪುಷ್ಯ ಶುದ್ಧ ಸಪ್ತಮಿ, ಜನವರಿ 1919

ಅಕ್ಕಾ,

ಶರಣು ಗಿರಣು ಏನೂ ಬರೆಯುವುದಿಲ್ಲ. ಭಾವನವರು ಕಂಬಳಿ ಕೊಳ್ಳುವ ನೆವದಲ್ಲಿ ಬಂದು ನಮ್ಮ ಪಡಸಾಲೆಯಲ್ಲಿ ಕೂತು ಅತ್ತು ಹೋದರು. ಮಾರ್ಗಶಿರದ ಮೊದಲಲ್ಲೇ ಬಳ್ಳಾರಿಯಿಂದ ಹೇಳಿ ಕಳಿಸಿದ್ದರಂತೆ. ಆಸ್ಪತ್ರೆ ತೆರವಾಗಿದೆ, ಕೂಡಲೇ ಬನ್ನಿ ಎಂದರಂತೆ. ನೀನು, "ಮಗೀನ ಯಾರ ಕೈಗೆ ಕೊಟ್ಟು ಬರ್ಲಿ" ಎಂದು ಹೇಳಿ ಕೂತುಬಿಟ್ಟೆಯಂತೆ. ಆಮೇಲೆ ನನಗೆ ಎರಡು ಕಾಗದ ಬರೆದಿದ್ದೀಯ. ಮಗುವಿನ ನಗು, ಮೇಕೆಯ ತಂಟೆ, ಯರ್ರಮ್ಮನ ಕಷ್ಟ ಎಲ್ಲ ಇದೆ. ಬಳ್ಳಾರಿ ಇಲ್ಲ.

ಯಾರ ಕೈಗೆ? ನಾನಿಲ್ಲವೇ? ಗಾಡಿ ಕಟ್ಟಿದರೆ ಮಾರನೆಯ ದಿನ ನಿನ್ನ ಬಾಗಿಲಲ್ಲಿರುತ್ತೇನೆ. ನನಗೆ ಮಡಿಲಲ್ಲಿ ಮಕ್ಕಳಿಲ್ಲ, ಮೈಯಲ್ಲಿ ರೋಗವಿಲ್ಲ.

ನೀನು ಯಾಕೆ ಕೇಳಲಿಲ್ಲ ಎಂದು ನನಗೆ ಗೊತ್ತು. ಮಗುವನ್ನು ನನ್ನ ಕೈಗೆ ಕೊಟ್ಟು, ನೀನು ವಾಸಿಯಾಗಿ ಬಂದು ವಾಪಸು ಕೇಳಿದರೆ ನನ್ನ ಹೊಟ್ಟೆ ಉರಿಯುತ್ತದೆ ಎಂದುಕೊಂಡೆ. ನನಗೆ ನೋವಾಗಬಾರದೆಂದು ನಿನ್ನ ಪ್ರಾಣವನ್ನು ತಡೆಹಿಡಿದು ಕೂತೆ. ಉರಿಯಲಿ ಅಕ್ಕ. ಉರಿದರೆ ನಾನು ಸಾಯುವುದಿಲ್ಲ.

ನಾಳೆ ಹೊರಡುತ್ತಿದ್ದೇನೆ. ಈ ಕಾಗದಕ್ಕಿಂತ ಮೊದಲು ನಾನೇ ಬಂದರೂ ಬಂದೆ. ಮಗುವಿನ ಬಟ್ಟೆ ಒಗೆದಿಡು.

ಬಸವಲಿಂಗಮ್ಮ

---

ಮೊಳಕಾಲ್ಮೂರು
ಮಾಘ ಶುದ್ಧ ಏಕಾದಶಿ, ಫೆಬ್ರವರಿ 1919

ಬಸವಲಿಂಗಾ,

ನೀನು ಮಗುವನ್ನು ಮಡಿಲಲ್ಲಿಟ್ಟುಕೊಂಡು ಗಾಡಿ ಹತ್ತಿದಾಗ ಅವನು ಅಳಲೇ ಇಲ್ಲ, ನೋಡಿದೆಯಾ? ನನಗೆ ಸ್ವಲ್ಪ ಸಿಟ್ಟು ಬಂತು.

ನೀನು ಬರೆದದ್ದು ನಿಜ. ಎದುರಿಗಿದ್ದಾಗ ಹೇಳಲು ಬಾಯಿ ಬರಲಿಲ್ಲ. ನಿನಗೆ ಕೊಟ್ಟ ಮಗುವನ್ನು ನಿನ್ನಿಂದ ಕಿತ್ತುಕೊಂಡು ಬರುವುದನ್ನು ನೆನೆಸಿಕೊಂಡರೆ ಕತ್ತಿಗಿಂತ ಅದೇ ಕಷ್ಟ ಅನ್ನಿಸುತ್ತಿತ್ತು.

ಬಳ್ಳಾರಿಗೆ ಹೋಗಿದ್ದೆವು. ಡಾಕ್ಟರಮ್ಮ ಎದ್ದು ಓಡಾಡುತ್ತಿದ್ದಾರೆ. ಜ್ವರಕ್ಕೆ ಕೂದಲೆಲ್ಲ ಉದುರಿ, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದರು. ನನ್ನನ್ನು ಕಂಡು ಮೊದಲು ಮಗು ಹೇಗಿದೆ ಎಂದು ಕೇಳಿದರು. ಆಮೇಲೆ ಕಂಕುಳಿಗೆ ಕೈ ಹಾಕಿದರು. ಅಲ್ಲೇ ಇನ್ನೊಮ್ಮೆ ಒತ್ತಿ ನೋಡಿದರು. "ಕಾರ್ತಿಕದಲ್ಲಿ ಬಂದಿದ್ದರೆ" ಎಂದು ಶುರು ಮಾಡಿ, ಮುಗಿಸದೆ ಕೈ ತೊಳೆಯಲು ಎದ್ದರು. ಕಾರ್ತಿಕದಲ್ಲಿ ಅವರೇ ಚಾಪೆ ಹಿಡಿದಿದ್ದರಲ್ಲ. ಕಂಕುಳಿಗೂ ಇಳಿದಿದೆ, ಗಂಟು ಬಾಯಿ ಬಿಟ್ಟಿದೆ, ಈಗ ಕೊಯ್ದರೆ ಪ್ರಯೋಜನವಿಲ್ಲ, ಹಿಂಸೆ ಮಾತ್ರ ಅಂದರು. ನೋವಿಗೆ ಔಷಧ ಕೊಟ್ಟಿದ್ದಾರೆ, ಹುಣ್ಣು ತೊಳೆಯಲು ಒಂದು ಪುಡಿ ಕೊಟ್ಟಿದ್ದಾರೆ. ನಾನು ಏಳುವಾಗ ಅವರ ಕಣ್ಣಲ್ಲಿ ನೀರಿತ್ತು. ನಿಮ್ಮ ತಪ್ಪಲ್ಲಮ್ಮ ಎಂದು ನಾನೇ ಸಮಾಧಾನ ಹೇಳಿದೆ.

ಮಗುವನ್ನು ವಾಪಸು ಕೇಳುವ ಮಾತು ಇನ್ನಿಲ್ಲ. ಅವನು ನಿನ್ನವನು, ಏಕಾಂತಪ್ಪನೂ ಒಪ್ಪಿದ್ದಾನೆ. ಇಲ್ಲಿಗೆ ಕರೆತರಬೇಡ. ಹುಣ್ಣಿಗೆ ವಾಸನೆ ಶುರುವಾಗಿದೆ. ಅವನು ಮುಖ ತಿರುಗಿಸಿದರೆ ನನಗೆ ತಡೆಯಲಾಗುವುದಿಲ್ಲ.

ಅಕ್ಕ

---

ಮೊಳಕಾಲ್ಮೂರು
ಸಿದ್ಧಾರ್ಥಿ ಸಂವತ್ಸರ, ಜ್ಯೇಷ್ಠ ಬಹುಳ ಅಷ್ಟಮಿ
ಜೂನ್ 1919

ಬಸವಲಿಂಗಾ,

ಯುಗಾದಿಗೆ ನೀನೊಬ್ಬಳೇ ಬಂದು ಹೋದೆ. ಮಗುವನ್ನು ತರಬೇಡ ಅಂದಿದ್ದೆ, ನೀನು ತರಲಿಲ್ಲ. ನನ್ನ ಮಾತನ್ನು ಎಂದೂ ಕೇಳದವಳು ಅದೊಂದನ್ನು ಯಾಕೆ ಕೇಳಿದೆ?

ಎಡಗೈ ಊದಿದೆ, ಕಾಗದ ಒತ್ತಿ ಹಿಡಿಯಲಾಗುವುದಿಲ್ಲ. ಅಕ್ಷರ ಸೊಟ್ಟಗಿದ್ದರೆ ಓದಿಕೋ. ಯರ್ರಮ್ಮ ದಿನಾ ಬಂದು ಹುಣ್ಣು ತೊಳೆಯುತ್ತಾಳೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದಿಲ್ಲ. ನಿನ್ನ ಭಾವನವರು ಬಾಗಿಲಲ್ಲಿ ಕೂರುತ್ತಾರೆ. ಒಳಗೆ ಬನ್ನಿ ಎಂದರೆ ಬಂದು ಕಾಲು ಒತ್ತುತ್ತಾರೆ. ನನ್ನ ಕಾಲನ್ನು, ಬಸವಲಿಂಗಾ, ಅವರು.

ಜ್ವರದಲ್ಲಿ ಹೋದವರಿಗೆ ಊರವರೆಲ್ಲ ಸೇರಿ ಅತ್ತರು. ಇವತ್ತಿಗೂ ಬಾವಿಯ ಹತ್ತಿರ ಅವರ ಹೆಸರು ಹೇಳಿ ಅಳುತ್ತಾರೆ. ನನ್ನ ವಿಷಯ ಬಂದರೆ ದನಿ ತಗ್ಗಿಸುತ್ತಾರೆ. ನಾನೇನೋ ಮಾಡಬಾರದ್ದು ಮಾಡಿದವಳ ಹಾಗೆ. ಇಷ್ಟು ದಿನ ನಗಾಡಿಕೊಂಡು ಬರೆದೆ, ಇನ್ನು ಆಗುವುದಿಲ್ಲ. ನನಗೆ ಸಾಯಲು ಇಷ್ಟವಿಲ್ಲ. ನನಗಿನ್ನೂ ನಲವತ್ತು. ಮೊಮ್ಮಗ ಅಂಬೆಗಾಲಿಡುವುದನ್ನು ನೋಡಿಲ್ಲ. ಆ ಜ್ವರವೊಂದು ಬರದಿದ್ದರೆ ಇಷ್ಟು ಹೊತ್ತಿಗೆ ನಾನು ಒಂದು ಎದೆಯವಳಾಗಿ ನಿನ್ನ ಅಡುಗೆಮನೆಯಲ್ಲಿ ಕೂತು ನಿನ್ನ ಸಾರಿಗೆ ಹೆಸರಿಡುತ್ತಿದ್ದೆ.

ಕೇಳಿದವರಿಗೆ ನನ್ನನ್ನೂ ಆ ಜ್ವರವೇ ಒಯ್ದಿತು ಎಂದು ಹೇಳು. ಎದೆ, ಹುಣ್ಣು ಎಂದು ಊರ ಬಾಯಲ್ಲಿ ನನ್ನನ್ನು ಹಾಕಬೇಡ. ನೀನು ಹೇಳುವುದು ಸುಳ್ಳೂ ಆಗುವುದಿಲ್ಲ.

ಮಗುವನ್ನು ಕರೆದುಕೊಂಡು ಬಾ. ಮುಖ ತಿರುಗಿಸಿದರೆ ತಿರುಗಿಸಲಿ. ಬೇಗ ಬಾ.

ಅಕ್ಕ

---

ತಳಕು
ಆಷಾಢ ಶುದ್ಧ ತದಿಗೆ, ಜುಲೈ 1919

ಅಕ್ಕಾ,

ನಿನ್ನ ಕಾಗದ ತಲುಪಿದ ದಿನ ಮಗುವಿಗೆ ಭೇದಿ. ಅದು ನಿಂತ ಕೂಡಲೇ ಹೊರಟೆವು. ತಳಕಿನಲ್ಲಿ ಎತ್ತುಗಳಿಗೆ ನೀರು ಕುಡಿಸಲು ಪಾಲಣ್ಣನ ಅಂಗಡಿಯ ಮುಂದೆ ನಿಲ್ಲಿಸಿದಾಗ ನಿಮ್ಮ ಮನೆಯ ಆಳು ಮಾರಣ್ಣ ಎದುರಿಗೆ ಬಂದ. ನನ್ನನ್ನು ಕರೆತರಲೆಂದು ಭಾವನವರು ಕಳಿಸಿದ್ದರಂತೆ. ಮಗುವನ್ನು ನೋಡಿ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಅಮ್ಮಾರು ನಿನ್ನೆ ಸಂಜಿಗೆ ಲಿಂಗೈಕ್ಯರಾದ್ರು ಕಣವ್ವ. ನೀವು ಬರಗಂಟ ಮಣ್ಣು ಮಾಡಲ್ಲ ಅಂತ ಯಜಮಾನ್ರು ಕುಂತವ್ರೆ" ಅಂದ.

ಅಂಗಡಿಯಲ್ಲಿ ಕಾಗದ ಇಸಿದುಕೊಂಡು ಬರೆಯುತ್ತಿದ್ದೇನೆ. ಇದನ್ನು ನಿನ್ನ ಜೊತೆ ಗುಂಡಿಯಲ್ಲಿ ಇಡುತ್ತೇನೆ. ನಿನಗೆ ಹೇಳದೆ ನನಗೆ ಯಾವುದೂ ಮುಗಿಯುವುದಿಲ್ಲ.

ನಾನು ಅಳುವುದನ್ನು ಕಂಡು ಪಾಲಣ್ಣನ ಹೆಂಡತಿ ನೀರು ತಂದುಕೊಟ್ಟಳು. ನನಗಿಂತ ಚಿಕ್ಕವಳು, ಮುಖ ಲಕ್ಷಣವಾಗಿದೆ. ಮಗುವನ್ನು ಎತ್ತಿಕೊಂಡು, "ಏನಾಗಿತ್ತಕ್ಕ ಅವ್ರಿಗೆ" ಎಂದು ಕೇಳಿದಳು. ಜ್ವರ ಎಂದು ಹೇಳಲು ಬಾಯಿ ತೆರೆದೆ ಅಕ್ಕ, ನಿಜವಾಗಿಯೂ ತೆರೆದೆ. ಆದರೆ ಎಲ್ಲವನ್ನೂ ಹೇಳಿಬಿಟ್ಟೆ. ಎದೆಯಲ್ಲಿ ಗಂಟಾಗಿತ್ತು, ಹುಣಸೆ ಬೀಜದಷ್ಟಿದ್ದಾಗಲೇ ಬಳ್ಳಾರಿಯಲ್ಲಿ ಬದುಕುತ್ತೀಯ ಅಂದಿದ್ದರು, ಜ್ವರ ಬಂದು ತಿಂಗಳುಗಳನ್ನು ತಿಂದುಹಾಕಿತು ಎಂದೆ. ದನಿ ತಗ್ಗಿಸಲಿಲ್ಲ. ಅಂಗಡಿಯಲ್ಲಿ ಗಂಡಸರಿದ್ದರು, ಕೇಳಿಸಿಕೊಂಡಿರಬೇಕು. ನನ್ನನ್ನು ಕ್ಷಮಿಸು. ನೀನು ಹೇಳಿಕೊಟ್ಟ ಮಾತನ್ನು ಒಂದು ದಿನವೂ ನಡೆಸಲಾಗಲಿಲ್ಲ.

ಅವಳು ಮಗುವನ್ನು ನನ್ನ ಮಡಿಲಿಗೆ ಕೊಟ್ಟು, ಗಂಡಸರ ಕಡೆ ಬೆನ್ನು ಮಾಡಿ, ಮೆಲ್ಲಗೆ ಕೇಳಿದಳು: "ಅದು ನೋಯಲ್ವಾ ಅಕ್ಕ, ಮೊದಮೊದ್ಲು?"

ನೋಯಲ್ಲ ಅಂದೆ. ನಿನ್ನನ್ನು ಮಣ್ಣಿಗಿಟ್ಟು ಬರುವಾಗ ಇವಳನ್ನು ಕರೆದುಕೊಂಡು ಬಳ್ಳಾರಿಗೆ ಹೋಗುತ್ತೇನೆ.

ನಿನ್ನ ತಂಗಿ
ಬಸವಲಿಂಗಮ್ಮ